ಪಿಕಪ್ಪಿನ ಹಿಂದಿನ ಟೈರು ಚಾಸಿಗೆ ಉಜ್ಜುತ್ತಿತ್ತು: ಕಾರಣ ಹುಡುಕಿ ಸರಿ ಮಾಡಿದ ಕಥೆ

ಲೋಡ್ ಇದ್ದಾಗ ಮಾತ್ರ ಸದ್ದು. ಅದೂ ಬಲಕ್ಕೆ ತಿರುಗಿದಾಗ ಮಾತ್ರ. ಹಿಂದೆ ಎಡಗಡೆಯಿಂದ 'ಜರ್‍ರ್' ಅಂತ ಒಂದು ಉಜ್ಜುವ ಶಬ್ದ, ಗಾಡಿ ನೇರವಾದ ಕೂಡಲೇ ನಿಂತುಹೋಗುತ್ತಿತ್ತು. ಖಾಲಿ ಗಾಡಿಯಲ್ಲಿ ಎಷ್ಟು ಓಡಿಸಿದರೂ ಏನೂ ಇಲ್ಲ. ಗಾಡಿ ನಮ್ಮ ಭಾವನದು. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುತ್ತಾರೆ, ಬೇಸಿಗೆ ಬಂದರೆ ಮಾವಿನಹಣ್ಣು. ಹಿಂದೆ ಕಮಾನು ಪ್ಲೇಟ್ (ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ಇರುವ, ಒಂದೊಂದೇ ಚಕ್ರದ ಮಾಮೂಲಿ ಪಿಕಪ್ಪು.

ಭಾವ ಮೊದಲು ಟೈರಿನ ಅಂಗಡಿಗೆ ಹೋಗಿದ್ದರು. ಅಲ್ಲಿ ಚಕ್ರಕ್ಕೂ ಅದನ್ನು ಬೋಲ್ಟ್ ಮಾಡುವ ಹಬ್ಬಿಗೂ (ಹಬ್) ಮಧ್ಯೆ ಸ್ಪೇಸರ್ ಹಾಕಿ ಟೈರನ್ನು ಹೊರಗೆ ತಳ್ಳಿಬಿಡಿ, ಮುಗೀತು ಅಂದರಂತೆ. ಇನ್ನೊಬ್ಬರು ಚಾಸಿಯ ಅಂಚನ್ನೇ ಗ್ರೈಂಡರ್‌ನಲ್ಲಿ ಸ್ವಲ್ಪ ತೆಗೆದರೆ ಆಯ್ತು ಅಂದರು. ಎರಡೂ ಬೇಡ, ಗಾಡಿ ಇಲ್ಲಿ ತನ್ನಿ ಅಂದೆ. ಕಂಪನಿಯಿಂದ ಬಂದ ಗಾಡಿಯಲ್ಲಿ ಟೈರಿಗೂ ಚಾಸಿಗೂ ಮಧ್ಯೆ ಬೇಕಾದಷ್ಟು ಜಾಗ ಇದ್ದೇ ಇರುತ್ತದೆ. ಈಗ ಆ ಜಾಗ ಇಲ್ಲ ಅಂದರೆ ಏನೋ ಒಂದು ತನ್ನ ಜಾಗ ಬಿಟ್ಟು ಸರಿದಿದೆ. ಸ್ಪೇಸರ್ ಹಾಕಿದರೆ ಸದ್ದು ನಿಲ್ಲಬಹುದು, ಸರಿದದ್ದು ಸರಿದೇ ಇರುತ್ತದೆ. ಜೊತೆಗೆ ಬೇರಿಂಗ್ ಮೇಲೆ, ವ್ಹೀಲ್ ಬೋಲ್ಟಿನ ಮೇಲೆ ಹೊರೆ ಜಾಸ್ತಿ. ಚಾಸಿ ಕೊಯ್ಯುವ ಮಾತಂತೂ ಕೇಳಲೇಬಾರದು. ಟನ್ನುಗಟ್ಟಲೆ ಹೊರುವ ಉಕ್ಕು ಅದು.

ಗುರುತು ಏನು ಹೇಳುತ್ತದೆ

ಚಕ್ರ ಬಿಚ್ಚುವ ಮೊದಲೇ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋದೆ. ಚಾಸಿಯ ಎಡ ಪಕ್ಕದಲ್ಲಿ ಸುಮಾರು ಅಂಗೈ ಅಗಲದ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಉಕ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಕೆಳ ಅಂಚಿನಲ್ಲಿ ರಬ್ಬರಿನ ಕಪ್ಪು ಪುಡಿ ಉಂಡೆ ಉಂಡೆಯಾಗಿ ಅಂಟಿಕೊಂಡಿತ್ತು. ಬಲ ಪಕ್ಕದಲ್ಲಿ ಏನೂ ಇಲ್ಲ, ಹಳೇ ಕೆಸರು ಹಾಗೇ ಒಣಗಿ ಕೂತಿತ್ತು.

ಇಲ್ಲಿ ಗಮನಿಸಬೇಕಾದದ್ದು ಗುರುತು ಎಲ್ಲಿದೆ ಅನ್ನೋದು. ಹೌಸಿಂಗ್, ಅಂದರೆ ಹಿಂದಿನ ಆಕ್ಸಲನ್ನು ಒಳಗಿಟ್ಟುಕೊಂಡ ಅಡ್ಡ ಕೊಳವೆ, ಬಗ್ಗಿದ್ದರೆ ಟೈರಿನ ತಲೆ ಒಳಗೆ ವಾಲುತ್ತದೆ, ಆಗ ಗುರುತು ಆಕ್ಸಲಿನ ನೇರಕ್ಕೆ, ಮೇಲ್ಭಾಗದಲ್ಲಿ ಬೀಳಬೇಕು. ದಪ್ಪ ಟೈರು ಹಾಕಿದ್ದಕ್ಕೆ ಉಜ್ಜುತ್ತಿದ್ದರೆ ಎರಡೂ ಕಡೆ ಉಜ್ಜಬೇಕು. ಇಲ್ಲಿ ಗುರುತು ಇದ್ದದ್ದು ಎಡಗಡೆ ಒಂದೇ, ಅದೂ ಆಕ್ಸಲಿನಿಂದ ಚೆನ್ನಾಗಿ ಹಿಂದೆ. ಅಂದರೆ ಟೈರಿನ ಹಿಂದಿನ ಅಂಚು ಮಾತ್ರ ಒಳಗೆ ಬರುತ್ತಿದೆ. ಚಕ್ರ ಓರೆಯಾಗಿ ನಿಂತಿದೆ.

ಬಲಕ್ಕೆ ತಿರುಗಿದಾಗಲೇ ಯಾಕೆ ಸದ್ದು? ಬಲ ತಿರುವಿನಲ್ಲಿ ಲೋಡೆಲ್ಲ ಎಡಕ್ಕೆ ವಾಲುತ್ತದೆ. ಟೈರು ರಸ್ತೆಯನ್ನು ಹಿಡಿದುಕೊಂಡಿರುತ್ತದೆ, ಚಾಸಿ ಮಾತ್ರ ಎಡಕ್ಕೆ ಜರುಗುತ್ತದೆ. ಎಡ ಟೈರಿನ ಒಳಗೋಡೆಗೆ ಚಾಸಿಯೇ ಹೋಗಿ ತಾಗುತ್ತದೆ. ಪ್ಲೇಟಿನ ತುದಿಯ ಕಣ್ಣಿನಲ್ಲಿ ಕೂರುವ ರಬ್ಬರ್ ಬುಷ್‌ಗಳು ಗಟ್ಟಿಯಾಗಿದ್ದರೆ ಇಷ್ಟು ಜರುಗಬಾರದು. ಹಾಗಾಗಿ ಒಂದಲ್ಲ, ಎರಡು ತೊಂದರೆ ಒಟ್ಟಿಗೆ ಸೇರಿರಬಹುದು ಅಂತ ಇಲ್ಲೇ ಅನ್ನಿಸಿತ್ತು.

ಸುಲಭದವು ಮೊದಲು

ಟೈರಿನ ಮೇಲೆ ಬರೆದಿದ್ದ ಸೈಜು ನಾಲ್ಕಕ್ಕೂ ಒಂದೇ, ಬಾಗಿಲಿನ ಹತ್ತಿರ ಅಂಟಿಸಿದ್ದ ಸ್ಟಿಕ್ಕರಿಗೂ ಸರಿಹೋಗುತ್ತಿತ್ತು. ಗಾಳಿಯೂ ಸರಿ. ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಲೋಡಿನಲ್ಲಿ ಓಡಿಸಿದೆವು. ಟೈರಿನ ಒಳಗೋಡೆಗೆ ಸೀಮೆಸುಣ್ಣ ಬಳಿದಿದ್ದೆ. ವಾಪಸ್ ಬಂದಾಗ ಚಾಸಿಯ ಅದೇ ಜಾಗಕ್ಕೆ ಬಿಳಿ ಹತ್ತಿತ್ತು. ಟೈರು, ಡಿಸ್ಕು (ರಿಮ್ಮು) ಎರಡೂ ನಿರಪರಾಧಿಗಳು.

ಆಮೇಲೆ ಹಿಂಭಾಗ ಜಾಕಿ ಕೊಟ್ಟು ಎತ್ತಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದೆ. ಬೇರಿಂಗ್‌ನಲ್ಲಿ ಆಟ ಇಲ್ಲ. ಕೈಯಲ್ಲಿ ತಿರುಗಿಸಿ ಟೈರಿನ ಪಕ್ಕ ಒಂದು ಕಡ್ಡಿ ಹಿಡಿದು ನೋಡಿದರೆ ಓಲಾಟವೂ ಇಲ್ಲ. ಗಾಡಿ ಇಳಿಸಿ, ಗಾರೆ ಕೆಲಸದವರ ತೂಕದ ಗುಂಡನ್ನು ರಿಮ್ಮಿನ ಪಕ್ಕ ಇಳಿಬಿಟ್ಟೆ. ಮೇಲೂ ಕೆಳಗೂ ಅಂತರ ಒಂದೇ ಬಂತು. ಹೌಸಿಂಗ್ ಬಗ್ಗಿಲ್ಲ ಅನ್ನೋದು ಗೊತ್ತಾಗಿದ್ದೇ ನಿರಾಳ, ಯಾಕೆಂದರೆ ಇದ್ದದ್ದರಲ್ಲಿ ದೊಡ್ಡ ಖರ್ಚು ಅದೇ. ಚಾಸಿಗೆ ಹ್ಯಾಂಗರ್ (ಪ್ಲೇಟಿನ ತುದಿಯನ್ನು ಹಿಡಿಯುವ ಬ್ರಾಕೆಟ್ಟು) ಕೂರಿಸಿರುವ ರಿವೆಟ್‌ಗಳ ಸುತ್ತ ತಂತಿ ಬ್ರಷ್ ಹಾಕಿ ಉಜ್ಜಿದೆ. ಸಡಿಲವಾದ ರಿವೆಟ್ ಇದ್ದರೆ ಅದರ ಬುಡದಿಂದ ಕೆಂಪು ತುಕ್ಕಿನ ಗೆರೆ ಇಳಿದಿರುತ್ತದೆ. ಇಲ್ಲಿ ಇರಲಿಲ್ಲ. ಬಿರುಕೂ ಇಲ್ಲ.

ಟೇಪು ಹಿಡಿದಾಗ

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಸ್ಟೇರಿಂಗ್ ನೇರ ಇಟ್ಟು, ಖಾಲಿ ಗಾಡಿ. ಟೈರಿನ ಒಳಗೋಡೆಯಿಂದ ಚಾಸಿಗೆ ಇರುವ ಅಂತರವನ್ನು ಪ್ರತಿ ಟೈರಿನಲ್ಲೂ ಎರಡು ಕಡೆ ಅಳೆದೆ. ಆಕ್ಸಲಿನ ಮುಂದೆ 30 ಸೆಂ.ಮೀ. ದೂರದಲ್ಲಿ ಒಂದು, ಹಿಂದೆ 30 ಸೆಂ.ಮೀ. ದೂರದಲ್ಲಿ ಒಂದು. ಚಾಸಿ ಆ ಜಾಗದಲ್ಲಿ ನೇರವಾಗಿಯೇ ಇದೆ, ಹಾಗಾಗಿ ನಾಲ್ಕೂ ಒಂದೇ ಬರಬೇಕು.

ಎಡಗಡೆ ಮುಂದೆ 30 ಮಿ.ಮೀ., ಹಿಂದೆ 18. ಬಲಗಡೆ ಮುಂದೆ 30, ಹಿಂದೆ 42.

ಈ ನಾಲ್ಕು ಅಂಕಿಗಳಲ್ಲಿ ಇಡೀ ರೋಗ ಇದೆ. ಎಡದ ಸರಾಸರಿ 24, ಬಲದ್ದು 36. ಅಂದರೆ ಹೌಸಿಂಗ್ ಪೂರ್ತಿಯಾಗಿ 6 ಮಿ.ಮೀ. ಬಲಕ್ಕೆ ಸರಿದು ಕೂತಿದೆ. ಇನ್ನು ಪ್ರತಿ ಟೈರಿನಲ್ಲಿ ಮುಂದಕ್ಕೂ ಹಿಂದಕ್ಕೂ 12 ಮಿ.ಮೀ. ವ್ಯತ್ಯಾಸ. ಎಡ ಟೈರಿನ ಹಿಂಭಾಗ ಒಳಗೆ ಬಂದಿದೆ, ಬಲ ಟೈರಿನ ಹಿಂಭಾಗ ಹೊರಗೆ ಹೋಗಿದೆ. ಹೀಗಾಗಬೇಕಾದರೆ ಹೌಸಿಂಗಿನ ಎಡ ತುದಿ ಹಿಂದಕ್ಕೆ ಹೋಗಿರಬೇಕು.

ಅದನ್ನೇ ಖಾತ್ರಿ ಮಾಡಿಕೊಳ್ಳಲು ಮುಂದಿನ ಹಬ್ಬಿನ ಮಧ್ಯದಿಂದ ಹಿಂದಿನ ಹಬ್ಬಿನ ಮಧ್ಯಕ್ಕೆ ಎರಡೂ ಕಡೆ ಅಳೆದೆವು. ಟೇಪಿನ ಆ ತುದಿ ಭಾವ ಹಿಡಿದಿದ್ದರು.

"ಏನಪ್ಪಾ, ಎಷ್ಟು?"

"ಎಡಗಡೆ 28 ಮಿಲಿಮೀಟರ್ ಜಾಸ್ತಿ ಇದೆ ಭಾವ."

"ಅಂದ್ರೆ ಹೌಸಿಂಗೇ ಹಿಂದಕ್ಕೆ ಹೋಗಿದ್ಯಾ?"

ಹೌದು. ಆಮೇಲೆ ಅವರಿಗೇ ಒಂದು ನೆನಪಾಯಿತು. ಕೆಲವು ತಿಂಗಳ ಹಿಂದೆ ನೇರ ರಸ್ತೆಯಲ್ಲೂ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಹಿಡಿಯಬೇಕಾಗಿತ್ತಂತೆ. ಅಲೈನ್‌ಮೆಂಟ್ ಮಾಡಿಸಿದ್ದರು, ಸ್ಟೇರಿಂಗ್ ನೇರವಾಯಿತು. ಅಲ್ಲಿ ಮುಂದಿನ ಚಕ್ರಗಳನ್ನು ಮಾತ್ರ ನೋಡಿ, ಅವುಗಳ ದಿಕ್ಕು ಹೊಂದಿಸುವ ಟೈ ರಾಡ್ ತಿರುಗಿಸಿ ಕಳಿಸಿದ್ದಾರೆ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಗಾಡಿ ಏಡಿಯ ಹಾಗೆ ಸ್ವಲ್ಪ ಪಕ್ಕಕ್ಕೆ ನಡೆಯುತ್ತದೆ. ನಮ್ಮ ಗಾಡಿಯನ್ನು ಒದ್ದೆ ನೆಲದ ಮೇಲೆ ನಿಧಾನವಾಗಿ ಓಡಿಸಿ ನೋಡಿದೆವು. ಹಿಂದಿನ ಚಕ್ರಗಳ ಅಚ್ಚು ಮುಂದಿನವುಗಳ ಎಡಕ್ಕೆ ಬಿದ್ದಿತ್ತು. ಸ್ಟೇರಿಂಗ್ ನೇರ ಮಾಡಿದ್ದರಿಂದ ಆಗಿದ್ದು ಒಂದೇ, ಎಚ್ಚರಿಕೆ ಕೊಡುತ್ತಿದ್ದ ಲಕ್ಷಣ ಮರೆಯಾಯಿತು.

ಸೆಂಟರ್ ಬೋಲ್ಟ್

ಕಮಾನು ಪ್ಲೇಟ್ ಇರುವ ಗಾಡಿಯಲ್ಲಿ ಹೌಸಿಂಗ್ ತನ್ನ ಜಾಗದಲ್ಲಿ ನಿಲ್ಲುವುದು ಎರಡರಿಂದ. ಪ್ಲೇಟುಗಳ ಮಧ್ಯೆ ತೂತು ಕೊರೆದು ಒಂದು ಸೆಂಟರ್ ಬೋಲ್ಟ್ ಹಾಕಿರುತ್ತಾರೆ. ಅದರ ದುಂಡನೆಯ ತಲೆ ಹೌಸಿಂಗಿನ ಮೇಲಿರುವ ಪೀಠದ ತೂತಿನೊಳಗೆ ಕೂರುತ್ತದೆ. ಇದು ಜಾಗ ತೋರಿಸುವುದಕ್ಕೆ. ಪ್ಲೇಟನ್ನೂ ಹೌಸಿಂಗನ್ನೂ ಸೇರಿಸಿ ಬಿಗಿಯಾಗಿ ಹಿಡಿದುಕೊಳ್ಳುವ ಕೆಲಸ U ಆಕಾರದ ಯು ಬೋಲ್ಟ್‌ಗಳದು. ಯು ಬೋಲ್ಟ್ ಬಿಗಿ ಇರುವಷ್ಟು ದಿನ ಸೆಂಟರ್ ಬೋಲ್ಟಿನ ಮೇಲೆ ಅಡ್ಡ ಹೊರೆ ಬೀಳುವುದೇ ಇಲ್ಲ ಅನ್ನಬಹುದು. ಯು ಬೋಲ್ಟ್ ಸಡಿಲವಾದ ದಿನದಿಂದ ಪ್ರತಿ ಬ್ರೇಕು, ಪ್ರತಿ ಗುಂಡಿ, ಪ್ರತಿ ಹಂಪಿನ ಏಟು ಆ ಒಂದು ಸಣ್ಣ ಬೋಲ್ಟಿನ ಕುತ್ತಿಗೆಗೆ ಬೀಳುತ್ತದೆ.

ಎಡಗಡೆ ಯು ಬೋಲ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಒಂದೇ ಕೈಯಲ್ಲಿ ತಿರುಗಿತು. ನಾಲ್ಕರಲ್ಲಿ ಎರಡು ನಟ್ಟುಗಳ ತುದಿಯಲ್ಲಿ ಥ್ರೆಡ್ ಹೊರಗೇ ಕಾಣುತ್ತಿರಲಿಲ್ಲ, ಬೋಲ್ಟು ನಟ್ಟಿನೊಳಗೇ ಮುಗಿದಿತ್ತು. ಯಾಕೆ ಅಂತ ಮೇಲೆ ನೋಡಿದರೆ ಗೊತ್ತಾಯಿತು. ಎರಡೂ ಕಡೆ ಒಂದೊಂದು ಹೆಚ್ಚಿನ ಪ್ಲೇಟ್ ಸೇರಿಸಿದ್ದಾರೆ. ಲೋಡಿಗೆ ಹಿಂಭಾಗ ಕೂರಬಾರದು ಅಂತ ಭಾವ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದು. ಪ್ಲೇಟುಗಳ ಕಟ್ಟು ದಪ್ಪವಾಯಿತು, ಯು ಬೋಲ್ಟು ಮಾತ್ರ ಹಳೆಯವೇ. ಉದ್ದ ಸಾಲದೆ ನಟ್ಟು ಅರ್ಧ ಹಿಡಿದಿದೆ. ಅದರ ಮೇಲೆ, ಹೊಸ ಪ್ಲೇಟ್ ಹಾಕಿದ ಮೇಲೆ ಸ್ವಲ್ಪ ದಿನ ಓಡಿಸಿ ಮತ್ತೆ ಬಿಗಿ ಮಾಡಬೇಕು. ಪ್ಲೇಟುಗಳ ನಡುವಿನ ಬಣ್ಣ, ತುಕ್ಕು, ದೂಳು ಒತ್ತಿಕೊಂಡು ಕಟ್ಟು ತೆಳುವಾಗುತ್ತದೆ, ಬಿಗಿ ತಾನಾಗೇ ಇಳಿಯುತ್ತದೆ. ಆ ಮಾತನ್ನು ಭಾವನಿಗೆ ಯಾರೂ ಹೇಳಿರಲಿಲ್ಲ.

ಬಿಚ್ಚುವ ಕೆಲಸ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಚಾಸಿಯನ್ನು ಹ್ಯಾಂಗರಿನ ಮುಂದುಗಡೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಹೌಸಿಂಗಿಗೆ ಬೇರೆ ಜಾಕಿ. ಇದನ್ನು ಮಾಡುವವರು ಬರೀ ಜಾಕಿಯ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಹೋಗಬೇಡಿ, ದಯವಿಟ್ಟು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಬ್ರೇಕ್ ಪೈಪು ಮತ್ತು ಹ್ಯಾಂಡ್ ಬ್ರೇಕ್ ಕೇಬಲ್ ಎಳೆದುಕೊಳ್ಳದ ಹಾಗೆ ನೋಡಿಕೊಂಡು, ಯು ಬೋಲ್ಟ್ ತೆಗೆದು ಹೌಸಿಂಗನ್ನು ನಿಧಾನಕ್ಕೆ ಇಳಿಸಿದೆವು.

ಪ್ಲೇಟ್ ಮೇಲೆದ್ದಿತು. ಪೀಠದ ತೂತಿನೊಳಗೆ ಸೆಂಟರ್ ಬೋಲ್ಟಿನ ತಲೆ ಒಂಟಿಯಾಗಿ ಕೂತಿತ್ತು, ಮಿಕ್ಕ ಬೋಲ್ಟು ಪ್ಲೇಟಿನ ಜೊತೆ ಮೇಲಿತ್ತು. ಆ ತಲೆಯನ್ನು ಅಯಸ್ಕಾಂತದಲ್ಲಿ ಎತ್ತಿ ಬಿಸಿಲಿಗೆ ಹಿಡಿದೆ. ತುಂಡಾದ ಮುಖದ ಮುಕ್ಕಾಲು ಭಾಗ ಕಂದು ಬಣ್ಣ, ನುಣ್ಣಗೆ, ಅದರಲ್ಲಿ ಸಣ್ಣ ಸಣ್ಣ ಕಮಾನಿನ ಗೆರೆಗಳು. ಉಳಿದ ಕಾಲು ಭಾಗ ಮಾತ್ರ ಒರಟಾಗಿ, ಬೂದು ಬಣ್ಣದಲ್ಲಿ. ಅಂದರೆ ಒಂದೇ ಏಟಿಗೆ ಮುರಿದದ್ದಲ್ಲ. ಎಷ್ಟೋ ದಿನ ಸ್ವಲ್ಪ ಸ್ವಲ್ಪವೇ ಬಿರುಕು ಬಿಡುತ್ತಾ ಬಂದು, ಉಳಿದ ಕಾಲು ಭಾಗ ಯಾವುದೋ ಹಂಪಿನಲ್ಲಿ ಒಮ್ಮೆಲೇ ಹೋಗಿದೆ. ಪೀಠಕ್ಕೆ ತಾಗುವ ಪ್ಲೇಟಿನ ಅಡಿಯಲ್ಲೂ ಹಳೇ ಗುರುತು ಸ್ಪಷ್ಟವಾಗಿತ್ತು. ಪೀಠ ಮೊದಲು ಕೂತಿದ್ದ ಜಾಗದ ಅಚ್ಚು ಒಂದು, ಈಗ ಕೂತಿದ್ದ ಜಾಗದ ಅಚ್ಚು ಇನ್ನೊಂದು. ಎರಡರ ನಡುವೆ 20 ಮಿ.ಮೀ.

ಈ 20 ಮಿ.ಮೀ.ಗೂ ಹಬ್ಬಿನ ಹತ್ತಿರ ಬಂದ 28ಕ್ಕೂ ಲೆಕ್ಕ ಕೂಡುತ್ತದೆ. ಎರಡು ಕಡೆಯ ಪ್ಲೇಟುಗಳ ನಡುವೆ ಸುಮಾರು 1 ಮೀಟರ್ ಅಂತರ, ಚಕ್ರಗಳ ನಡುವೆ ಸುಮಾರು 1.4 ಮೀಟರ್. ಪ್ಲೇಟಿನ ಹತ್ತಿರ 20 ಆದರೆ ಚಕ್ರದ ಹತ್ತಿರ 28 ಆಗಲೇಬೇಕು. ಲೆಕ್ಕ ಕೂಡಿದಾಗ ನನಗೆ ಧೈರ್ಯ ಬರುತ್ತದೆ. ಕೂಡದಿದ್ದರೆ ಇನ್ನೇನೋ ಬಾಕಿ ಇದೆ ಅಂತ ಅರ್ಥ.

ಬುಷ್

6 ಮಿ.ಮೀ. ಪಕ್ಕಕ್ಕೆ ಸರಿದದ್ದಕ್ಕೆ ಸೆಂಟರ್ ಬೋಲ್ಟ್ ಉತ್ತರವಲ್ಲ. ಅದಕ್ಕೆ ಪ್ಲೇಟಿನ ಕಣ್ಣಿನಲ್ಲಿರುವ ಬುಷ್ ನೋಡಬೇಕು. ಎಡಗಡೆ ಮುಂದಿನ ಹ್ಯಾಂಗರಿನ ಹತ್ತಿರ ಹಾರೆ ಹಾಕಿ ಮೀಟಿದರೆ ಪ್ಲೇಟಿನ ಕಣ್ಣು ಅತ್ತಿತ್ತ ಸಲೀಸಾಗಿ ಆಡುತ್ತಿತ್ತು. ಬೋಲ್ಟ್ ಬಿಚ್ಚಿದಾಗ ರಬ್ಬರು ಚೂರುಚೂರಾಗಿ ಉದುರಿತು, ಒಳಗಿನ ಕಬ್ಬಿಣದ ಕೊಳವೆ ಒಂದು ಪಕ್ಕ ತೆಳ್ಳಗೆ ಸವೆದಿತ್ತು. ಹ್ಯಾಂಗರಿನ ಒಳ ಕೆನ್ನೆಯ ಮೇಲೆ ಪ್ಲೇಟಿನ ಕಣ್ಣು ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಹಿಂದಿನ ಶ್ಯಾಕಲಿನ (ಪ್ಲೇಟಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಬುಷ್‌ಗಳದ್ದೂ ಹೆಚ್ಚು ಕಡಿಮೆ ಅದೇ ಗತಿ. ಬಲಗಡೆಯವು ಪರವಾಗಿಲ್ಲ ಅನ್ನಿಸುವಂತಿದ್ದರೂ ಎರಡೂ ಕಡೆ ಬದಲಾಯಿಸಿದೆವು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಅಂದರೆ ಗಾಡಿ ಮತ್ತೆ ಒಂದು ಪಕ್ಕಕ್ಕೇ ಜಗ್ಗುತ್ತದೆ.

ಖಾಲಿ ಗಾಡಿಯಲ್ಲಿ ಹಿಂಭಾಗದಲ್ಲಿ 18 ಮಿ.ಮೀ. ಉಳಿದಿತ್ತಲ್ವಾ? ಬುಷ್‌ನ ಆಟ, ಲೋಡ್ ವಾಲಿದಾಗ ಪ್ಲೇಟ್ ತಿರುಚುವುದು, ಎರಡೂ ಸೇರಿ ಆ 18ನ್ನು ನುಂಗಿಹಾಕುತ್ತಿದ್ದವು. ಖಾಲಿ ಗಾಡಿಯಲ್ಲಿ ಸದ್ದು ಬರದಿದ್ದುದಕ್ಕೂ ಇದೇ ಕಾರಣ.

ಪ್ಲೇಟ್ ಕೆಲಸ

ಕಟ್ಟು ಬಿಚ್ಚುವ ಕೆಲಸವನ್ನು ಕೋಲಾರದಲ್ಲಿ ಪ್ಲೇಟ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಮಾಡಿಸಿದೆ. ಕಟ್ಟಿನ ಎರಡೂ ಪಕ್ಕ ಕ್ಲ್ಯಾಂಪ್ ಹಾಕದೆ ಸೆಂಟರ್ ಬೋಲ್ಟ್ ಬಿಚ್ಚಿದರೆ ಪ್ಲೇಟುಗಳು ಚಿಮ್ಮುತ್ತವೆ, ಮುಖಕ್ಕೆ ಬಡಿದರೆ ಕಥೆ ಮುಗಿಯಿತು. ಅವರು ದೊಡ್ಡ ವೈಸಿನಲ್ಲಿ ಕಟ್ಟನ್ನು ಹಿಡಿದು, ಒಂದೊಂದೇ ಪ್ಲೇಟನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳಿದರು. ಬಿರುಕು ಬಿಟ್ಟ ಪ್ಲೇಟಿನ ಸದ್ದು ಒಡಕಾಗಿರುತ್ತದೆ. ನಮ್ಮವೆಲ್ಲ ಖಣಖಣ ಅಂದವು.

"ಭಾಯ್, ಈ ಎಕ್ಸ್‌ಟ್ರಾ ಪ್ಲೇಟ್ ಇರಲಾ, ತೆಗೆಯೋದಾ?" ಅಂತ ಕೇಳಿದೆ.

"ತೆಗೀರಿ ಸಾರ್. ಪ್ಲೇಟ್ ಗಟ್ಟಿ ಆದ್ರೆ ಏಟು ಚಾಸಿಗೆ ಹೋಗುತ್ತೆ. ಪ್ಲೇಟ್ ಮುರಿದ್ರೆ ಪ್ಲೇಟ್ ಹಾಕ್ಬಹುದು, ಚಾಸಿ ಮುರಿದ್ರೆ?"

ಭಾವನಿಗೆ ಮನಸ್ಸಿರಲಿಲ್ಲ. ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆ.ಜಿ., ನೂರು ಬಾಕ್ಸ್ ಹಾಕಿದರೆ ಒಂದೂವರೆ ಟನ್. ಸೀಜನ್ನಿನಲ್ಲಿ ನೂರಕ್ಕೆ ಯಾರು ನಿಲ್ಲುತ್ತಾರೆ? ಅವರ ಕಷ್ಟ ನನಗೆ ಗೊತ್ತಿದೆ, ಬಾಡಿಗೆ ಸಿಗುವುದೇ ಬಾಕ್ಸಿನ ಲೆಕ್ಕದಲ್ಲಿ. ಆದರೂ ಆರ್.ಸಿ. ತೆಗೆಸಿ ತೋರಿಸಿದೆ. ಪ್ಲೇಟ್ ಎಷ್ಟೇ ಸೇರಿಸಿದರೂ ಅದರಲ್ಲಿ ಬರೆದ ಒಟ್ಟು ತೂಕ ಬದಲಾಗುವುದಿಲ್ಲ. ಬ್ರೇಕು, ಟೈರು, ಬೇರಿಂಗ್ ಎಲ್ಲ ಆ ತೂಕಕ್ಕೇ ಲೆಕ್ಕ ಹಾಕಿದವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 194ನೇ ಸೆಕ್ಷನ್ನಿನ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಪ್ಲೇಟ್ ತೆಗೆದು ಕಂಪನಿಯ ಕಟ್ಟಿಗೇ ವಾಪಸ್ ಬಂದೆವು.

ಬಲಗಡೆಯ ಸೆಂಟರ್ ಬೋಲ್ಟ್ ಮುರಿದಿರಲಿಲ್ಲ, ಆದರೆ ತಲೆಯ ಬುಡದಲ್ಲಿ ಕಣ್ಣಿಗೆ ಕಾಣುವಷ್ಟು ಬಗ್ಗಿತ್ತು. ಎರಡೂ ಹೊಸವು. ಯು ಬೋಲ್ಟ್ ನಾಲ್ಕೂ ಹೊಸವು, ನಟ್ಟು, ವಾಷರ್ ಸಮೇತ. ಒಮ್ಮೆ ಪೂರ್ತಿ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಹಾಕಬಾರದು. ಥ್ರೆಡ್ ಹಿಗ್ಗಿರುತ್ತದೆ, ಬಿಗಿ ನಿಲ್ಲುವುದಿಲ್ಲ. ಈ ಸಾಮಾನುಗಳೆಲ್ಲ ಸೇರಿದರೂ ಒಂದು ಹೊಸ ಟೈರಿನ ಬೆಲೆ ಆಗಲಿಲ್ಲ.

ಜೋಡಿಸುವಾಗ

ಪೀಠವನ್ನು ಮತ್ತು ಪ್ಲೇಟಿನ ಅಡಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಸ್ವಚ್ಛ ಮಾಡಿದೆ. ಅಲ್ಲಿ ಗ್ರೀಸ್ ಹಚ್ಚಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ. ಒಣ ಉಕ್ಕಿಗೆ ಒಣ ಉಕ್ಕು ಕೂತರೇ ಹಿಡಿತ. ಪೀಠದ ತೂತು ಉದ್ದಕ್ಕೆ ಹಿಗ್ಗಿದೆಯಾ ಅಂತ ಹೊಸ ಬೋಲ್ಟಿನ ತಲೆಯನ್ನು ಇಟ್ಟು ನೋಡಿದೆ. ಅಂಚು ಸ್ವಲ್ಪ ಮಡಚಿತ್ತು, ಅರದಲ್ಲಿ ತೆಗೆದ ಮೇಲೆ ತಲೆ ಸರಿಯಾಗಿ ಕೂತಿತು. ಇದು ಹಿಗ್ಗಿದ್ದರೆ ಹೊಸ ಸೆಂಟರ್ ಬೋಲ್ಟ್ ಹಾಕಿಯೂ ಪ್ರಯೋಜನವಿಲ್ಲ.

ಯು ಬೋಲ್ಟ್ ನಟ್ಟುಗಳನ್ನು ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆವು. ಪ್ರತಿ ಸುತ್ತಿಗೂ ನಾಲ್ಕು ಕಾಲುಗಳಲ್ಲಿ ಹೊರಬಂದ ಥ್ರೆಡ್ ಒಂದೇ ಸಮ ಇದೆಯಾ ಅಂತ ನೋಡುತ್ತಾ. ಕೊನೆಗೆ ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದ ಅಳತೆಗೆ. ಗಾಳಿಯ ಗನ್ನಿನಲ್ಲಿ ಸುಮ್ನೆ ಟರ್‍ರ್ ಅನ್ನಿಸಿ ಬಿಡುವ ಕೆಲಸ ಇದಲ್ಲ.

ಹ್ಯಾಂಗರ್ ಮತ್ತು ಶ್ಯಾಕಲಿನ ಬೋಲ್ಟ್‌ಗಳನ್ನು ಮಾತ್ರ ಆಗ ಪೂರ್ತಿ ಬಿಗಿಯಲಿಲ್ಲ. ಗಾಡಿ ಗಾಳಿಯಲ್ಲಿರುವಾಗ ಪ್ಲೇಟ್ ಜೋತುಬಿದ್ದಿರುತ್ತದೆ. ಆಗಲೇ ಬಿಗಿದರೆ ರಬ್ಬರ್ ಬುಷ್ ಆ ಸ್ಥಿತಿಗೇ ಅಂಟಿಕೊಳ್ಳುತ್ತದೆ, ಗಾಡಿ ಇಳಿಸಿದ ಮೇಲೆ ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಹಿಂಭಾಗವನ್ನು ಹತ್ತಿ ಇಳಿದು ಕುಲುಕಿಸಿ, ಆಮೇಲೆ ಬಿಗಿದೆವು.

ಹೌಸಿಂಗ್ ಮುಂದಕ್ಕೆ ಬಂದದ್ದರಿಂದ ಇನ್ನೆರಡು ನೋಡಬೇಕಿತ್ತು. ಹ್ಯಾಂಡ್ ಬ್ರೇಕ್ ಕೇಬಲ್ ಎಡಗಡೆ ಸ್ವಲ್ಪ ಸಡಿಲವಾಗಿತ್ತು, ಹೊಂದಿಸಿದೆ. ಲೋಡಿಗೆ ತಕ್ಕ ಹಾಗೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವಿನ ಕಡ್ಡಿಯೂ ಹೌಸಿಂಗಿಗೇ ಕಟ್ಟಿರುತ್ತದೆ. ಹೆಚ್ಚಿನ ಪ್ಲೇಟ್ ಹಾಕಿ ಗಾಡಿ ಎತ್ತರವಾದಾಗ ಅದು ಲೋಡ್ ಇಲ್ಲ ಅಂತಲೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತಿದ್ದಿರಬೇಕು. ಈಗ ಎತ್ತರ ಮೊದಲಿನಂತಾಗಿದೆ, ಕಡ್ಡಿಯ ಉದ್ದವನ್ನು ಮ್ಯಾನುಯಲ್ ನೋಡಿ ಸರಿಮಾಡಿದೆ.

ಮತ್ತೆ ಟೇಪು. ಎಡ ಮುಂದೆ 30, ಹಿಂದೆ 29. ಬಲ ಮುಂದೆ 30, ಹಿಂದೆ 31. ಹಬ್ಬಿನಿಂದ ಹಬ್ಬಿಗೆ ಎರಡೂ ಕಡೆಯ ಅಳತೆಗೆ ವ್ಯತ್ಯಾಸ ಸುಮಾರು 2 ಮಿ.ಮೀ. ಅಷ್ಟೇ.

ಹೊರಟರೆ ಸ್ಟೇರಿಂಗ್ ಈಗ ಬಲಕ್ಕೆ ಕೂತಿತ್ತು. ಹಿಂದೆ ಓರೆಯಾಗಿದ್ದ ಆಕ್ಸಲಿಗೆ ಹೊಂದಿಸಿ ತಿರುಗಿಸಿದ್ದ ಟೈ ರಾಡ್ ಅಲ್ವಾ, ಹಾಗಾಗಬೇಕಾದದ್ದೇ. ಈ ಸಲ ನಾಲ್ಕೂ ಚಕ್ರ ಅಳೆಯುವ ಕಡೆಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿದೆವು.

ಉಜ್ಜಿದ ಟೈರನ್ನು ಬಿಚ್ಚಿಸಿ ಒಳಗೋಡೆ ಪೂರ್ತಿ ನೋಡಿದೆ. ಒಂದು ಕಡೆ ರಬ್ಬರು ಸವೆದು ಒಳಗಿನ ನೂಲು ಕಂಡಿತ್ತು. ತಳ ಇನ್ನೂ ಚೆನ್ನಾಗಿತ್ತು, ಸ್ಟೆಪ್ನಿಗಾದರೂ ಇಡೋಣ ಅಂದರು ಭಾವ. ಬೇಡ ಅಂದೆ. ನೂಲು ಕಂಡ ಪಕ್ಕಗೋಡೆ ಲೋಡಿನಲ್ಲಿ ಯಾವಾಗ ಸಿಡಿಯುತ್ತದೆ ಅಂತ ಹೇಳಲಾಗದು. ಅದರ ಪಕ್ಕಗೋಡೆಯನ್ನು ಕೊಯ್ದು, ಯಾರೂ ಮತ್ತೆ ಹಾಕದ ಹಾಗೆ ಮಾಡಿ ಗುಜರಿಗೆ ಕೊಟ್ಟೆವು. ಚಾಸಿಯ ಉಜ್ಜಿದ ಜಾಗದಲ್ಲಿ ಉಕ್ಕು ತೆಳುವಾಗಿಲ್ಲ ಅಂತ ಕ್ಯಾಲಿಪರ್‌ನಲ್ಲಿ ಅಳೆದು ಖಾತ್ರಿ ಮಾಡಿಕೊಂಡು, ರೆಡ್ ಆಕ್ಸೈಡ್ ಹೊಡೆದು ಮೇಲೆ ಕಪ್ಪು ಬಣ್ಣ ಬಳಿದೆ.

ಯು ಬೋಲ್ಟಿನ ಪ್ರತಿ ನಟ್ಟಿನ ಮೇಲೂ ಕೆಳಗಿನ ತಟ್ಟೆಯ ಮೇಲೂ ಸೇರಿಸಿ ಹಳದಿ ಬಣ್ಣದ ಒಂದೊಂದು ಗೆರೆ ಎಳೆದಿದ್ದೇನೆ. ನಟ್ಟು ತಿರುಗಿದರೆ ಗೆರೆ ಮುರಿಯುತ್ತದೆ, ಬಗ್ಗಿ ನೋಡಿದರೆ ಸಾಕು. ಬರೀ ಬಿಗಿ ಇಳಿದಿದ್ದರೆ ಗೆರೆಯಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ರೆಂಚೇ ಬೇಕು. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಗಾಡಿ ತರಿಸಿ ಟಾರ್ಕ್ ನೋಡಿದೆ. ಎಂಟರಲ್ಲಿ ಐದು ನಟ್ಟುಗಳು ಇನ್ನೂ ಸ್ವಲ್ಪ ತಿರುಗಿದವು. ಹಳೇ ಗೆರೆ ಒರೆಸಿ ಹೊಸದು ಎಳೆದು ಕಳಿಸಿದೆ. ಇನ್ನೊಂದು 1,000 ಕಿಲೋಮೀಟರ್ ಆದಮೇಲೆ ಮತ್ತೆ ನೋಡಬೇಕು.